ಶುಕ್ರವಾರದ ದೀಪಕಂಬ

ವೂಚ್ ಊರಿನ ನೂಲಿನ ಗಿರಣಿಯಲ್ಲಿ
ಮಗ್ಗದ ಸದ್ದಿಗೆ ಎಲ್ಲರೂ ಕಿವಿ ಕಳೆದುಕೊಳ್ಳುತ್ತಿದ್ದರು.
ಕಳೆದುಕೊಳ್ಳಲು ಏನೂ ಇಲ್ಲದವಳೆಂದು
ಅಮ್ಮನಿಗೆ ಕೆಲಸ ಕೊಟ್ಟರು.
ನೂರು ಮಗ್ಗಗಳ ನಡುವೆ
ಅವಳು, ಅಪ್ಪ, ಕಿಟಕಿ ಪಕ್ಕದ ಬೊಗುಮಿಲ್
ದಿನವಿಡೀ ಹರಟುತ್ತಿದ್ದರಂತೆ, ಕೈಯಲ್ಲಿ.
ಉಳಿದವರು ಕಿರುಚಿ ಕಿರುಚಿ ಸೋತು
ಸುಮ್ಮನಾಗುತ್ತಿದ್ದರು.

ಕಿವಿಮಾತು ಎಂಬುದಿರಲಿಲ್ಲ ನಮ್ಮ ಮನೆಯಲ್ಲಿ.
ಇದ್ದದ್ದು ಕೈಮಾತು.
ಬೈಯಬೇಕೆಂದರೆ ತಟ್ಟೆ ಕೆಳಗಿಡಬೇಕು,
ಮುದ್ದಿಗೆ ಒಂದು ಕೈ ಸಾಕು.
ದೀಪ ಆರಿಸಿದರೆ
ಎಂಥ ಜಗಳವೂ ಮುಗಿಯಿತು.

ಕೇಳಿಸುತ್ತಿದ್ದದ್ದು ನನಗೊಬ್ಬಳಿಗೇ.
ಬ್ಯಾಂಕು, ಬಾಡಿಗೆ, ಕಲ್ಲಿದ್ದಲಿನ ಚೀಟಿ
ಎಲ್ಲಕ್ಕೂ ನನ್ನನ್ನೇ ಸ್ಟೂಲಿನ ಮೇಲೆ ನಿಲ್ಲಿಸುತ್ತಿದ್ದರು.
ಎಂಟರ ವಯಸ್ಸು.
ಡಾಕ್ಟರು ಫೈಲಿನಿಂದ ತಲೆಯೆತ್ತದೆ
‘ಹೇಳು ನಿಮ್ಮಪ್ಪನಿಗೆ’ ಎಂದರು.
ಎದೆಗೂಡಿನ ಸನ್ನೆ ಬರುತ್ತಿತ್ತು.
ಆರು ತಿಂಗಳ ಸನ್ನೆಯೂ ಬರುತ್ತಿತ್ತು.
ನಡುವಿನ ಪದ ಬರುತ್ತಿರಲಿಲ್ಲ.
ನಮ್ಮ ನುಡಿಯಲ್ಲಿ ಆ ರೋಗಕ್ಕೂ
ಹೊಳೆಯ ಏಡಿಗೂ ಒಂದೇ ಹೆಸರು.
ಎರಡು ಬೆರಳು ಕತ್ತರಿ ಮಾಡಿ
ಏಡಿ, ಎಂದೆ.
ಅಪ್ಪ ನಕ್ಕ.
ಆಮೇಲೆ ಡಾಕ್ಟರ ಮುಖ ನೋಡಿದ.

ಕಳೆದ ಮಾರ್ಚಿನಲ್ಲಿ ಅಮ್ಮನ ಸರದಿ.
ನೀರಿನ ಬಾಟಲಿಗೆ ಫೋನು ಒರಗಿಸಿಟ್ಟರು.
ಅದರೊಳಗೆ, ವಾರ್ಸಾದಲ್ಲೆಲ್ಲೋ ಕುಳಿತು,
ಬೂದು ಸ್ವೆಟರಿನ ಹುಡುಗಿಯೊಬ್ಬಳು
ಡಾಕ್ಟರ ಮಾತನ್ನೆಲ್ಲ ಕೈಗಿಳಿಸುತ್ತಿದ್ದಳು.
ಏಡಿಯನ್ನು ಏಡಿ ಎನ್ನದವಳು, ಓದಿಕೊಂಡವಳು.
ಅಮ್ಮ ನನ್ನತ್ತ ತಿರುಗಿ
‘ನೀನು ಹೊರಗೆ ಕೂತಿರು’ ಎಂದಳು.
ಕಾರಿಡಾರಿನಲ್ಲಿ ಕೂತು ಸೇಬು ತಿಂದೆ.
ಒಳಗೆ ಏನು ಹೇಳಿದರೆಂದು ಗೊತ್ತಿರಲಿಲ್ಲ.
ಐವತ್ತೊಂದನೆಯ ವಯಸ್ಸಿಗೆ, ಮೊದಲ ಸಲ,
ನಾನು ಬರೀ ಮಗಳಾಗಿದ್ದೆ.
ಆ ಫೋನಿಗೆ ಕೈಮುಗಿಯುವುದೊಂದು ಬಾಕಿ.

ಆದರೆ ಶುಕ್ರವಾರ?

ಗಿರಣಿಯ ಹಿಂದಿನ ಬೀದಿ, ಎರಡನೆಯ ಮಹಡಿ,
ಕಿವಿ ಕೇಳದವರ ಸಂಘದ ಕೋಣೆ.
ಎರಡು ಟ್ರಾಮ್ ಬದಲಿಸಿ ಬರುತ್ತಿದ್ದರು ಎಲ್ಲರೂ.
ಬಾರದಿದ್ದರೆ ವಾರವಿಡೀ ಮೌನ.
ಸಾಲ, ಸಂಬಂಧ, ಸೋರುವ ನಲ್ಲಿ,
ಯಾರ ಹೆಂಡತಿ ಯಾರ ಜೊತೆ,
ಎಲ್ಲ ಒಂದೇ ಮೇಜಿನ ಸುತ್ತ ಹಾರಾಡುತ್ತಿತ್ತು.
ಹತ್ತು ಗಂಟೆಗೆ ಮೂರು ಸಲ ದೀಪ ಮಿಣುಕಿಸಿ
ಕಾವಲುಗಾರ ಹೊರಗಟ್ಟುತ್ತಿದ್ದ.
ಮನೆಗೆ ಹೋಗುತ್ತಿದ್ದರೇ?
ಬೀದಿಯಲ್ಲಿದ್ದ ಒಂದೇ ದೀಪಕಂಬದ ಕೆಳಗೆ,
ಹಿಮದಲ್ಲಿ, ಕೈಗವಸು ಕಿಸೆಗೆ ತುರುಕಿ
ನಡುರಾತ್ರಿಯವರೆಗೆ ಮಾತು, ಮಾತು.
ಕೈಗವಸು ಹಾಕಿದರೆ ಬೆರಳು ತೊದಲುತ್ತದೆ.
ಅಮ್ಮನ ಕೋಟಿನೊಳಗೆ ನಾನು ನಿದ್ದೆ ತೂಗುತ್ತಿದ್ದೆ,
ಅವಳ ತೋಳು ಆಡಿದಂತೆಲ್ಲ ಬೆಚ್ಚಗೆ ಅಲುಗುತ್ತ.

ಈಗ ಬೊಗುಮಿಲ್ ದಿನಾ ಬೆಳಿಗ್ಗೆ
ತನ್ನ ಟೊಮೇಟೊ ಗಿಡ ತೋರಿಸುತ್ತಾನೆ ಪರದೆಯಲ್ಲಿ.
ಚಿಕ್ಕಮ್ಮ ಅಡುಗೆ ಮಾಡುತ್ತಲೇ ಬರುತ್ತಾಳೆ.
ಇನ್ನು ಟ್ರಾಮ್ ಹತ್ತುವುದು ಯಾಕೆ?
ಸಂಘಕ್ಕೆ ಹನ್ನೊಂದು ಜನ ಬಂದರು, ಆಮೇಲೆ ಏಳು,
ಆಮೇಲೆ ಕೀಲಿ ಇಟ್ಟುಕೊಂಡ ಅಮ್ಮ.

ಹೋದ ವಾರ ಮಾತಿನ ನಡುವೆ
ನೆಟ್‌ವರ್ಕ್ ಕೈಕೊಟ್ಟಿತು.
ಬೊಗುಮಿಲ್‌ನ ಕೈ ಗಾಳಿಯಲ್ಲಿ ನಿಂತೇಬಿಟ್ಟಿತು,
‘ಬರುತ್ತೇನೆ’ಗೂ ‘ಬರಲಾರೆ’ಗೂ ನಡುವೆ.
ಅಮ್ಮ ತುಂಬ ಹೊತ್ತು ಕಾದಳು.
ಗಾಜಿನ ಮೇಲೆ ಅವನ ಹೆಬ್ಬೆರಳನ್ನು
ಒಮ್ಮೆ ಮುಟ್ಟಿ ನೋಡಿದಳು.

ನಿನ್ನೆ ನಗರಸಭೆಗೆ ಕೀಲಿ ಒಪ್ಪಿಸುವ ದಿನ.
ಕೋಣೆಯಲ್ಲಿ ಕೊಡುವಂಥದ್ದೇನೂ ಇರಲಿಲ್ಲ,
ಒಂದು ಕಾಯಿ ಕಡಿಮೆಯಿದ್ದ ಚೆಸ್ ಬೋರ್ಡು ಬಿಟ್ಟರೆ.
ಕೆಳಗಿಳಿದರೆ ಬೀದಿ ಹಗಲಿನಂತೆ ಹೊಳೆಯುತ್ತಿತ್ತು.
ಹಳದಿ ಬಲ್ಬು ತೆಗೆದು
ಬಿಳಿ ಎಲ್‌ಇಡಿ ಹಾಕಿದ್ದಾರೆ ಕಂಬಕ್ಕೆ.
ಅಮ್ಮ ಕತ್ತೆತ್ತಿ ನೋಡಿದಳು.
‘ಎಷ್ಟು ಒಳ್ಳೆಯ ಬೆಳಕು’ ಎಂದಳು,
‘ಆಗ ಇದ್ದಿದ್ದರೆ! ಬೊಗುಮಿಲ್‌ನ ಗೊಣಗಾಟವೂ
ಆಚೆ ಬೀದಿಗೆ ಕಾಣುತ್ತಿತ್ತು.’

ಬೀದಿಯಲ್ಲಿ ಯಾರೂ ಇರಲಿಲ್ಲ.
ಅಮ್ಮ ಕೈಗವಸು ಕಳಚಿ
ಕಿಸೆಗೆ ತುರುಕಿದಳು.
ನಾನೂ ಕಳಚಿದೆ.
ಚಳಿಗೆ ನನ್ನ ಬೆರಳು ತೊದಲಿತು.
ಅಮ್ಮ ತಿದ್ದಿದಳು.